ವಿಭೂತಿ ನೀರು ಕುಡಿದ ಕೇಪಳ

"ಕೈ ತೆಗೀರಿ! ಆ ಹೂ ಮುಟ್ಟಬೇಡಿ!"

ಕಾಂಪೌಂಡ್ ಗೋಡೆಯ ಮೇಲಿಂದ ರಸ್ತೆಗೆ ಬಾಗಿದ್ದ ಕೊಂಬೆಯತ್ತ ಚಾಚಿದ್ದ ಕೈ ಹಾಗೇ ನಿಂತಿತು. ಆದರೆ ತಡವಾಗಿತ್ತು... ಕೆಂಪು ಗೊಂಚಲು ಆಗಲೇ ಜಯದೇವಿಯ ಬೆರಳುಗಳ ನಡುವೆ ಬಂದುಬಿಟ್ಟಿತ್ತು.

ಕುಕ್ ಟೌನಿನ ಆ ಓಣಿಗೆ ಇನ್ನೂ ಬಿಸಿಲು ಇಳಿದಿರಲಿಲ್ಲ. ಪಕ್ಕದ ಮನೆಯ ಅಜ್ಜಿಯೊಬ್ಬರ ರಕ್ತ ತೆಗೆದುಕೊಂಡು, ಸಣ್ಣ ಕೊಳವೆಗಳನ್ನು ತಣ್ಣನೆಯ ಪೆಟ್ಟಿಗೆಯಲ್ಲಿಟ್ಟು ಅವಳು ಸ್ಕೂಟಿ ಹತ್ತುವವಳಿದ್ದಳು. ಬೆಳಗಾದರೆ ಮನೆಮನೆಗೆ ಹೋಗಿ ರಕ್ತ ತೆಗೆದು ಲ್ಯಾಬಿಗೆ ಮುಟ್ಟಿಸುವುದು ಅವಳ ಕೆಲಸ. ಆ ಸುತ್ತು ಮುಗಿಸಿ, ಮಿಂದು, ಆಮೇಲೆ ಪೂಜೆ. ದಾರಿಯಲ್ಲಿ ಪೂಜೆಗೊಂದು ಹೂ ಸಿಕ್ಕಿದರೆ ಅವತ್ತಿನ ದಿನ ಚೆನ್ನ ಎಂಬುದು ಅವಳ ನಂಬಿಕೆ.

ಗೋಡೆಯ ಆಚೆಯಿಂದ ಒಂದು ಮುಖ ಮೇಲೆದ್ದಿತು. ಕೆದರಿದ ಕೂದಲು, ನಿದ್ದೆಗೆಟ್ಟ ಕಣ್ಣು, ಕೈಯಲ್ಲಿ ಒಂದು ಚಾಕು!

"ದೇವರಿಗ್ರೀ..." ಅಂದಳು ಅವಳು, ಮೆಲ್ಲಗೆ.

"ದೇವರಿಗೆ ಕದ್ದ ಹೂವಾ?"

ಅವಳ ಕೆನ್ನೆ ಬಿಸಿಯಾಯಿತು. "ಗ್ವಾಡಿ ಹೊರಗ ಬಂದಿತ್ರಿ. ರಸ್ತೆದಾಗ ಬಂದಿದ್ದು ರಸ್ತೆ ಮಂದಿದು ಅಲ್ಲೇನು?"

"ಒಳ್ಳೆ ಕಾನೂನು! ನಾಳೆ ನನ್ನ ಕೈ ಹೊರಗೆ ಬಂದ್ರೆ ಅದನ್ನೂ ಕಿತ್ಕೊಂಡ್ ಹೋಗ್ತೀರಾ?"

ಜಯದೇವಿ ಗೊಂಚಲನ್ನು ಗೋಡೆಯ ಮೇಲಿಟ್ಟಳು. "ತಗೋರಿ. ಬೈದು ಕೊಟ್ಟ ಹೂ ನಮ್ಮ ದೇವರು ಒಲ್ಲ."

ಹಾಗೆನ್ನುತ್ತ ತಿರುಗಬೇಕು... ಆಗ ಗೋಡೆಯ ಸುಣ್ಣದ ಮೇಲೆ ಒಂದು ಕೆಂಪು ಹನಿ ಕಂಡಿತು. ಹೂವಿನದಲ್ಲ. ಅವನ ಬೆರಳಿನದು!

"ಅಯ್ಯ, ಚಾಕು ತಾಗ್ಯಾದ ನಿಮಗ! ಕೈ ಈಕಡೆ ಕೊಡ್ರಿ."

"ಹೊರಗೆ ಬಂತು ಅಂತಲಾ?"

ನಗು ಬಂದೇಬಿಟ್ಟಿತು ಅವಳಿಗೆ. ತಡೆದುಕೊಂಡು ಚೀಲದಿಂದ ಹತ್ತಿ ತೆಗೆದು ಅವನ ಬೆರಳನ್ನು ಒತ್ತಿ ಹಿಡಿದಳು. ದಿನಕ್ಕೆಷ್ಟೋ ಕೈ ಹಿಡಿಯುವವಳು ಅವಳು. ನರ ಹುಡುಕುವುದು, ಚುಚ್ಚುವುದು, ಬಿಡುವುದು... ಅಷ್ಟೇ. ಈ ಕೈಯನ್ನು ಮಾತ್ರ ರಕ್ತ ನಿಂತ ಮೇಲೂ ಅವಳು ಬಿಟ್ಟಿರಲಿಲ್ಲ.

"ಸಾರಿ ರೀ," ಅಂದ ಅವನು. ಧ್ವನಿ ಬೇರೆಯಾಗಿತ್ತು. "ಇದು ನಮ್ಮಮ್ಮ ನೆಟ್ಟ ಗಿಡ. ಈ ಮನೇಲಿ ಅಡುಗೆ ಮಾಡ್ತಿದ್ರು. ಹಿಂದಿನ ಔಟ್‌ಹೌಸಲ್ಲೇ ನಾನು ಹುಟ್ಟಿದ್ದು. ಹೋದ ಶ್ರಾವಣದಲ್ಲಿ ಅಮ್ಮ ಹೋದ್ರು. ಈಗ ಮನೆ ಮಾರಿಬಿಟ್ಟಿದ್ದಾರೆ... ನಾಳೆ ಜೆಸಿಬಿ ಬರುತ್ತೆ."

"ಗಿಡ ಕಿತ್ತು ಒಯ್ಯಾಕ ಬರಲ್ಲೇನ್ರಿ?"

"ಬೇರು ಗೋಡೆ ಅಡಿಗೆ ಹೋಗ್ಬಿಟ್ಟಿದೆ. ಅದಕ್ಕೇ ಕಡ್ಡಿ ಕತ್ತರಿಸ್ತಿದ್ದೆ. ಯಾವುದಾದ್ರೂ ಒಂದು ಚಿಗುರಿದ್ರೆ ಸಾಕು."

ಅವಳು ಗಿಡವನ್ನು ನೋಡಿದಳು. ದಪ್ಪ ಹಸಿರು ಎಲೆ. ತುದಿತುದಿಗೆ ನಾಲ್ಕೆಸಳಿನ ಪುಟ್ಟ ಪುಟ್ಟ ಹೂಗಳು ಒತ್ತೊತ್ತಾಗಿ ಕೂತ ಕೆಂಪು ಗೊಂಚಲು. "ಇದಕ್ಕ ಏನಂತಾರ್ರಿ? ನಮ್ಮ ಕಲಬುರ್ಗಿ ಕಡೆ ನಾ ನೋಡಿಲ್ಲ."

"ಕೇಪಳ. ಅಮ್ಮನ ತವರು ಪುತ್ತೂರು, ಅಲ್ಲಿ ಹಾಗಂತಾರೆ. ಹಲಸೂರಲ್ಲಿ ಎಲ್ರೂ ಇಡ್ಲಿ ಪೂ ಅಂತಾರೆ. ನರ್ಸರೀಲಿ ಕೇಳಿದ್ರೆ ಇಕ್ಸೋರಾ. ಕಾಫಿ ಗಿಡದ ದಾಯಾದಿ ಇದು, ಗೊತ್ತಾ? ನಂದು ಹಲಸೂರು ಬಜಾರ್ ಬೀದೀಲಿ ಕಾಫಿ ಪುಡಿ ಅಂಗಡಿ. ಅಮ್ಮ ಹೇಳ್ತಿದ್ರು, ಒಬ್ಬ ನೆಂಟ ನಿಂಗೆ ಅನ್ನ ಹಾಕ್ತಾನೆ, ಇನ್ನೊಬ್ಬ ನೆಂಟ ನಂಗೆ ಹೂ ಕೊಡ್ತಾನೆ ಅಂತ."

ಗೋಡೆಯ ಮೇಲಿದ್ದ ಗೊಂಚಲನ್ನು ಅವನು ಎತ್ತಿ ಅವಳ ಮುಂದೆ ಹಿಡಿದ.

"ಈಗ ಬೈದು ಕೊಡ್ತಿಲ್ಲ. ನಿಮ್ಮ ದೇವರಿಗೆ ಹೇಳಿ... ಲಕ್ಷ್ಮಿಕಾಂತ ಕೊಟ್ಟ ಅಂತ."

ಅಂದಿನ ಪೂಜೆಯಲ್ಲಿ ಜಯದೇವಿಗೆ ಮಂತ್ರ ಎರಡು ಸಲ ತಪ್ಪಿತು.

*

ಬೆಂಗಳೂರಿನಲ್ಲಿ ಒಮ್ಮೆ ಕಂಡ ಮುಖ ಮತ್ತೆ ಕಾಣುವುದು ದೇವರ ದಯೆ. ಕಾಣದಿದ್ದರೆ, ಕಾಫಿ ಪುಡಿ ತರಲು ಹೋಗುವುದು ಮನುಷ್ಯಪ್ರಯತ್ನ!

ಕೆ.ಆರ್. ಪುರದಲ್ಲಿರುವವಳು ಹಲಸೂರಿಗೆ ಹೋಗಿ ಕಾಫಿ ಪುಡಿ ತರುತ್ತಾಳೆಂದರೆ ಯಾರಾದರೂ ನಗುತ್ತಾರೆ. ಕೆಳಗಿನ ಕೋಣೆಯ ಹುಸೇನಮ್ಮ ನಕ್ಕೇ ನಕ್ಕಳು. ಯಾದಗಿರಿ ಕಡೆಯ ಆ ಹೆಂಗಸು ಕಟ್ಟಡದ ಕೆಲಸಕ್ಕೆ ಹೋಗುವವಳು, ಬಾಯಿ ಜೋರು, ಜೀವ ಮೆತ್ತಗೆ.

"ತಂಗಿ, ನೀ ಚಾ ಕುಡಿಯಾಕಿ. ಈ ಕಾಫಿ ಪುಡಿ ಯಾರ ಹೊಟ್ಟಿಗಿ?"

"ನಿನಗs ಹುಸೇನಕ್ಕ."

"ನನಗ ಬ್ಯಾಡವ್ವ, ನಿದ್ದಿ ಹೋಗ್ತದ. ನಿನಗ ಮೊದಲs ಹೋಗ್ಯಾದ ಬಿಡು!"

ಹೋಗಿತ್ತು, ನಿಜ. ಬಜಾರ್ ಬೀದಿಯ ಆ ಪುಟ್ಟ ಅಂಗಡಿ, ಗಿರಿಗಿರಿ ತಿರುಗುವ ಯಂತ್ರ, ಹುರಿದ ಬೀಜದ ಘಮ, ಗಿರಾಕಿಯೊಂದಿಗೆ ತಮಿಳು, ಪಕ್ಕದ ಅಂಗಡಿಯವನೊಂದಿಗೆ ಉರ್ದು, ಅವಳೊಂದಿಗೆ ಕನ್ನಡ ಮಾತಾಡುವ ಆ ಮನುಷ್ಯ. ಮಾತಿನ ನಡುವೆ ಅವನು ಸುಮ್ಮನಾಗುತ್ತಿದ್ದ. ಆ ಸುಮ್ಮನಿರುವಿಕೆಯೇ ಮನೆಗೆ ಬಂದ ಮೇಲೆ ಅವಳ ಕಿವಿಯಲ್ಲಿ ಗುಂಯ್‌ಗುಡುತ್ತಿತ್ತು.

ಅವನು ತಂದಿದ್ದ ಕಡ್ಡಿಗಳು ಒಂದೊಂದಾಗಿ ಒಣಗಿದವು. ಅಂಗಡಿಯ ಹಿಂದಿನ ಅವನ ಕೋಣೆಗೆ ಬಿಸಿಲೇ ಬರುವುದಿಲ್ಲ. ಮಳೆಗಾಲದ ಹೊತ್ತಿಗೆ ಒಂದೇ ಒಂದು ಕಡ್ಡಿ ಎರಡು ಎಲೆ ಬಿಟ್ಟು ನಿಂತಿತು.

ಒಂದು ಸಂಜೆ ಅದನ್ನು ಮಣ್ಣಿನ ಕುಂಡದಲ್ಲಿಟ್ಟು ಅವಳ ಕೈಗೆ ಕೊಟ್ಟ.

"ನಿಮ್ಮದು ಟೆರೇಸ್ ಮೇಲಿನ ರೂಮು ಅಲ್ವಾ? ಬಿಸಿಲು ಚೆನ್ನಾಗಿ ಬೀಳುತ್ತೆ. ನಿಮ್ಮ ಕೈಗುಣಾನೂ ಚೆನ್ನಾಗಿದೆ... ನನ್ನ ಬೆರಳು ಸಾಕ್ಷಿ. ಇಟ್ಕೊಳ್ತೀರಾ?"

"ನಿಮ್ಮ ಅವ್ವನ ಗಿಡ... ನನಗ ಕೊಡ್ತೀರಿ?"

"ಬೇರೆ ಯಾರಿಗೆ ಕೊಡ್ಲಿ?"

ಯಂತ್ರ ನಿಂತಿತ್ತು. ಅವನು ಏನೋ ಹೇಳಲು ಹೋಗಿ ಒಮ್ಮೆ ಬೀದಿಯತ್ತ ನೋಡಿದ, ಒಮ್ಮೆ ಕುಂಡದತ್ತ.

"ಇದು ಹೂ ಬಿಟ್ಟ ದಿನ ನಿಮಗೊಂದು ಮಾತು ಹೇಳ್ಬೇಕು."

"ಈಗs ಹೇಳ್ರಿ!"

"ಇಲ್ಲ. ಹೂ ಬಿಡ್ಲಿ."

ಏನು ಮಾತು ಎಂದು ಕೇಳುವಷ್ಟು ದಡ್ಡಿಯಲ್ಲ ಅವಳು. ಕುಂಡವನ್ನು ಎದೆಗವಚಿಕೊಂಡು ಮನೆಗೆ ಬಂದಳು. ಒಂದು ಕಡ್ಡಿ... ಎರಡು ಎಲೆ... ಅದರ ತುದಿಯಲ್ಲಿ ಎಲ್ಲೋ ಇನ್ನೂ ಹುಟ್ಟದೆ ಕೂತಿರುವ ಒಂದು ಮಾತು!

*

ಜಯದೇವಿಯ ಅಪ್ಪ ಪಂಚಾಕ್ಷರಯ್ಯ ಮಠದಲ್ಲಿ ಶಾಸ್ತ್ರ ಓದುವವರು. ಅವಳು ಹಾಲು ಕುಡಿಯುವಾಗಲೇ ಕಿವಿಗೆ ಬಿದ್ದದ್ದು ಅಪ್ಪನ ನಸುಕಿನ ಪಾರಾಯಣ. ಅರ್ಥ ತಿಳಿಯುವ ಮೊದಲೇ ಲಯ ತಿಳಿಯಿತು. ಮಾತಿಗಿಂತ ಕೇಳುವುದೇ ಹೆಚ್ಚು ಅವಳಿಗೆ.

ಅಪ್ಪ ಕಲಿಸಿದ್ದು ಇಷ್ಟು: ಲಿಂಗಕ್ಕೆ ಎರೆದ ನೀರು, ವಿಭೂತಿ ತೊಳೆದ ನೀರು ಯಾರ ಕಾಲಿಗೂ ಸಿಗಬಾರದು. ಗಿಡದ ಬುಡಕ್ಕೆ ಸುರಿಯಬೇಕು. ಊರಲ್ಲಿ ಅಂಗಳದ ಬೇವಿನ ಮರವಿತ್ತು. ಇಲ್ಲಿ, ಟೆರೇಸಿನ ಮೇಲೆ, ಇಷ್ಟು ದಿನ ಯಾವ ಗಿಡವೂ ಇರಲಿಲ್ಲ. ದಿನಾ ಕೆಳಗಿಳಿದು ರಸ್ತೆಯಂಚಿನ ನುಗ್ಗೆಮರಕ್ಕೆ ಸುರಿದು ಬರುತ್ತಿದ್ದಳು.

ಈಗ ಕೇಪಳ ಬಂದಿತ್ತು.

ಪೂಜೆ ಮುಗಿಸಿ, ಹಣೆಗೆ ಮೂರು ಗೆರೆ ಎಳೆದು, ಅಂಗೈಯ ವಿಭೂತಿ ತೊಳೆದ ಬಟ್ಟಲ ನೀರನ್ನು ಕಣ್ಣು ಮುಚ್ಚಿ ಆ ಬುಡಕ್ಕೆರೆಯುತ್ತಿದ್ದಳು. 'ತಂದೆ, ಇದು ಹೂ ಬಿಡಲಿ...' ಬೇರೇನೂ ಕೇಳುತ್ತಿರಲಿಲ್ಲ. ಕೇಳುವುದಕ್ಕೆ ಬೇರೇನಿತ್ತು!

ಮೊದಲು ಎರಡು ಎಲೆ ನಾಲ್ಕಾದವು, ನಾಲ್ಕು ಎಂಟಾದವು. ದೀಪಾವಳಿ ಕಳೆದ ಮೇಲೆ ಒಂದು ಎಲೆ ಹಳದಿಯಾಯಿತು.

ನರಗಳು ಹಸಿರು, ನಡುವೆಲ್ಲ ಹಳದಿ. ಕಾಮಾಲೆಯವರ ಕಣ್ಣಿನ ಹಾಗೆ! ಮರುದಿನ ಇನ್ನೊಂದು. ಆಮೇಲೆ ಮತ್ತೊಂದು. ಹೊಸ ಚಿಗುರೂ ಹಳದಿಯಾಗಿಯೇ ಹುಟ್ಟತೊಡಗಿತು.

ಅವಳು ನೀರು ಕಡಿಮೆ ಮಾಡಿದಳು. ಹೆಚ್ಚು ಮಾಡಿದಳು. ಕುಂಡವನ್ನು ನೆರಳಿಗಿಟ್ಟಳು, ಮತ್ತೆ ಬಿಸಿಲಿಗಿಟ್ಟಳು. ಇದ್ದಲ್ಲಿ ಇರಲಾಗದೆ ಕೆಲಸದ ನಡುವೆ ಓಡಿಬಂದು ಒಮ್ಮೆ ನೋಡಿ ಹೋದಳು. ಊರಿನಿಂದ ಅಪ್ಪ ಕಳಿಸಿದ ಮಠದ ವಿಭೂತಿ ಗಟ್ಟಿಯನ್ನೇ ಪುಡಿ ಮಾಡಿ ಮಣ್ಣಿಗೆ ಉದುರಿಸಿದಳು. ಜ್ವರ ಬಂದ ಮಗುವಿನ ಹಣೆಗೆ ಹಚ್ಚುತ್ತಾರಲ್ಲ... ಹಾಗೆ.

ಗಿಡ ಇನ್ನಷ್ಟು ಹಳದಿಯಾಯಿತು.

'ಅವರ ಅವ್ವನ ಗಿಡ! ಉಳಿದಿದ್ದು ಇದೊಂದೇ... ಇದೂ ಹೋದರೆ? ಅವರ ಮುಖ ಹ್ಯಾಂಗ ನೋಡಲಿ? ಹೂ ಬಿಡದಿದ್ದರೆ ಆ ಮಾತು...?'

ಫೋನ್ ಬಂದಾಗಲೆಲ್ಲ ಅವಳು ಕುಂಡದ ಕಡೆ ಬೆನ್ನು ಮಾಡಿ ಎತ್ತುತ್ತಿದ್ದಳು.

"ಹೇಗಿದೆ ನಮ್ಮ ಗಿಡ?" ಅನ್ನುತ್ತಿದ್ದ ಅವನು.

'ನಮ್ಮ' ಅಂದನಲ್ಲ! "ಚೊಲೊ ಅದ್ರಿ..."

"ಮೊಗ್ಗು ಬಂತಾ?"

"ಬರ್ತದ್ರಿ..."

"ಈ ಭಾನುವಾರ ಬಂದು ನೋಡ್ಲಾ?"

"ಭಾನುವಾರ ಬ್ಯಾಡ್ರಿ. ಊರಿಂದ ಮಂದಿ ಬರೋರಿದ್ದಾರ."

ಯಾರೂ ಬರುವವರಿರಲಿಲ್ಲ. ಮುಂದಿನ ವಾರ ಡ್ಯೂಟಿ ಅಂದಳು. ಅದರ ಮುಂದಿನ ವಾರ ಫೋನನ್ನೇ ಎತ್ತಲಿಲ್ಲ. ಹಲಸೂರಿನ ಕಡೆ ಸ್ಕೂಟಿ ತಿರುಗಿಸುವುದನ್ನೂ ಬಿಟ್ಟಳು. ಬೆನ್ಸನ್ ಟೌನಿನ ಮನೆಯೊಂದರಲ್ಲಿ ಕಾಫಿ ಘಮ ಬಂದಾಗ ಸೂಜಿ ಹಿಡಿದ ಕೈ ಒಂದು ಕ್ಷಣ ನಿಂತುಹೋಯಿತು.

"ಏನಮ್ಮಾ, ನರ ಸಿಗ್ಲಿಲ್ವಾ?" ಎಂದರು ಮನೆಯ ಯಜಮಾನರು.

"ಸಿಕ್ತದ್ರಿ..." ಅಂದಳು. ಸಿಗದೆ ಒದ್ದಾಡುತ್ತಿದ್ದುದು ಬೇರೆಯೇ ಇತ್ತು.

*

ಹೇಳದೆ ಕೇಳದೆ ಅವನು ಬಂದೇಬಿಟ್ಟ.

ಭಾನುವಾರ ಮಧ್ಯಾಹ್ನ. ಟೆರೇಸಿನಲ್ಲಿ ಬಟ್ಟೆ ಹರವುತ್ತಿದ್ದ ಜಯದೇವಿ ಕೆಳಗೆ ನೋಡಿದಳು. ಓಣಿಯ ತಿರುವಿನಲ್ಲಿ ಇಸ್ತ್ರಿ ಮಾಡಿದ ನೀಲಿ ಅಂಗಿ, ಕೈಯಲ್ಲಿ ಒಂದು ಪೊಟ್ಟಣ, ಮನೆ ನಂಬರ್ ಹುಡುಕುವ ಕಣ್ಣು...

ಅವಳ ಕೈಯಿಂದ ಬಟ್ಟೆ ಜಾರಿತು. ಓಡಿಹೋಗಿ ಕುಂಡವನ್ನು ಎತ್ತಿ ನೀರಿನ ಟ್ಯಾಂಕಿನ ಹಿಂದೆ ಬಚ್ಚಿಟ್ಟಳು. ಮೆಟ್ಟಿಲ ಬಾಯಿಗೆ ಬಾಗಿ ಪಿಸುಗುಟ್ಟಿದಳು. "ಹುಸೇನಕ್ಕ! ನಾ ಇಲ್ಲಂತ ಹೇಳು! ನಿನ್ನ ಕಾಲಿಗಿ ಬೀಳ್ತೀನಿ!"

ಆಮೇಲೆ ತಾನೂ ಟ್ಯಾಂಕಿನ ಹಿಂದೆ ಕುಂಡದ ಪಕ್ಕ ಕುಕ್ಕರಿಸಿದಳು. ಕೆಳಗಿನ ಮಾತು ಒಂದೊಂದೂ ಕೇಳುತ್ತಿತ್ತು.

"ಜಯದೇವಿ ಅವರು ಇದ್ದಾರಾ?"

"ಇಲ್ರಿ... ಹೊರಗ ಹೋಗ್ಯಾಳ."

"ಓ... ಸ್ಕೂಟಿ ಇಲ್ಲೇ ಇದೆಯಲ್ಲ?"

ಹುಸೇನಮ್ಮನಿಗೆ ಸುಳ್ಳು ಹೇಳಿ ರೂಢಿಯಿರಲಿಲ್ಲ. "ಅದು... ನಡಕೊಂತ ಹೋಗ್ಯಾಳ್ರಿ."

ಕೆಳಗೆ ಮೌನ. ಆ ಮೌನ ಜಯದೇವಿಗೆ ಗೊತ್ತಿತ್ತು. ಅಂಗಡಿಯಲ್ಲಿ ಯಂತ್ರ ನಿಂತಾಗಿನ ಮೌನ. ಈಗ ಅದರೊಳಗೆ ಏನೋ ಮುರಿದಿತ್ತು.

"ಸರಿಯಮ್ಮಾ. ಇದೊಂದು ಕೊಟ್ಬಿಡಿ. ಬರ್ತೀನಿ."

ಚಪ್ಪಲಿ ಸದ್ದು ದೂರವಾಯಿತು. 'ಏಳು! ಓಡು! ಕೂಗು!' ಮನಸ್ಸು ಹೊಡೆದುಕೊಂಡಿತು. ಅವಳು ಕೂತೇ ಇದ್ದಳು. ಪಕ್ಕದಲ್ಲಿ ಹಳದಿ ಎಲೆಯೊಂದು ತಾನಾಗಿ ಕಳಚಿ ಅವಳ ಮಡಿಲಿಗೆ ಬಿತ್ತು.

ಸಂಜೆಗೆ ಮೆಸೇಜು ಬಂತು.

'ನಾನು ನಿಮಗೆ ತೊಂದರೆ ಕೊಡ್ತಿದ್ದೀನಿ ಅಂತ ಗೊತ್ತಾಗ್ಲಿಲ್ಲ. ಕ್ಷಮಿಸಿ. ಗಿಡ ನಿಮ್ಮ ಹತ್ರಾನೇ ಇರಲಿ. ಇನ್ನು ಬರಲ್ಲ, ಫೋನೂ ಮಾಡಲ್ಲ.'

ಹುಸೇನಮ್ಮ ಪೊಟ್ಟಣ ತಂದು ಅವಳ ಮುಂದೆ ಕುಕ್ಕಿದಳು. ಕಾಫಿ ಪುಡಿಯಲ್ಲ... ಚಹಾ ಪುಡಿ! ತಾನು ಚಹಾ ಕುಡಿಯುವವಳೆಂದು ಅವನಿಗೆ ಯಾವಾಗ ತಿಳಿಯಿತೋ!

"ಹುಚ್ಚಿ! ಆ ಮನಶ್ಯಾ ಗಿಡ ನೋಡಾಕ ಬಂದಿದ್ನೇನು? ಗಿಡ ನೋಡೋ ಕಣ್ಣಲ್ಲ ಅವು!"

"ಗಿಡ ಸಾಯ್ಲತ್ತದ ಹುಸೇನಕ್ಕ... ಅವರ ಅವ್ವನ ಗಿಡ... ಏನಂತ ತೋರಿಸ್ಲಿ?"

"ಎಲ್ಲಿ ನೋಡೋಣ ತಾ." ಹುಸೇನಮ್ಮ ಕುಂಡವನ್ನು ಬೆಳಕಿಗೆ ಹಿಡಿದು ಕೆಳಗಿನ ತಟ್ಟೆಯ ಅಂಚನ್ನು ಉಗುರಿನಿಂದ ಕೆರೆದಳು. "ಇದೇನವ್ವ ಬೆಳ್ಳಗ? ನಮ್ಮ ಕೆಲಸದ ಜಾಗದಾಗ ಸುಣ್ಣದ ಡಬ್ಬಿ ಹಿಂಗs ಇರ್ತದ."

ಜಯದೇವಿ ಆ ಬಿಳಿಯನ್ನು ಬೆರಳಿಗೆ ತೆಗೆದುಕೊಂಡು ಉಜ್ಜಿದಳು. ಮೂಸಿದಳು.

ವಿಭೂತಿಯ ವಾಸನೆ!

ಅವಳು ಕೆಲಸದ ಚೀಲ ತೆರೆದು ಮೂತ್ರ ಪರೀಕ್ಷೆಯ ಪಟ್ಟಿಯೊಂದನ್ನು ತೆಗೆದಳು. ಅದರ ಮೇಲಿನ ಬಣ್ಣದ ಚೌಕಗಳಲ್ಲಿ ಒಂದು ಹುಳಿಯೋ ಕ್ಷಾರವೋ ಎಂದು ಹೇಳುತ್ತದೆ. ತಟ್ಟೆಯ ನೀರಿಗೆ ಅದ್ದಿ ಹಿಡಿದಳು. ಕಿತ್ತಳೆ ಬಣ್ಣದ ಚೌಕ ಹಸಿರಾಯಿತು. ನೋಡುನೋಡುತ್ತ ನೀಲಿಗೆ ತಿರುಗಿತು.

ಕ್ಷಾರ. ಬರೀ ಕ್ಷಾರ.

ಕಾಫಿ ಗಿಡದ ದಾಯಾದಿ ಅಂದಿದ್ದನಲ್ಲ ಅವನು! ಕಾಫಿ ತೋಟದ ಮಣ್ಣು ಹುಳಿ ಮಣ್ಣೆಂದು ಶಾಲೆಯಲ್ಲಿ ಓದಿದ್ದು ಈಗ ನೆನಪಾಯಿತು. ದಿನಾ ಬೆಳಿಗ್ಗೆ, ಕಣ್ಣು ಮುಚ್ಚಿ, ಕೈ ಮುಗಿದು, ತಾನೇ ಅದಕ್ಕೆ ಬೂದಿಯ ನೀರು ಕುಡಿಸಿದ್ದಳು. ಅದು ಬಾಡಿದಷ್ಟೂ ಇನ್ನಷ್ಟು ಕುಡಿಸಿದ್ದಳು.

'ನನ್ನ ಭಕ್ತಿನೇ... ನನ್ನ ಬೇಡಿಕೇನೇ...'

ಅತ್ತಳು. ಅಳುತ್ತಲೇ ಅಪ್ಪನಿಗೆ ಫೋನ್ ಮಾಡಿದಳು. ಗಿಡದ ಕಥೆ ಹೇಳಿದಳು. ಗಿಡ ಕೊಟ್ಟವರ ಹೆಸರು ಹೇಳುವಾಗ ಧ್ವನಿ ಸಣ್ಣಗಾಯಿತು. ಪಂಚಾಕ್ಷರಯ್ಯ ಸುಮ್ಮನೆ ಕೇಳಿಸಿಕೊಂಡರು. ಕೇಳುವುದು ಆ ಮನೆತನದ ಗುಣ.

"ಅಪ್ಪಾ, ಪೂಜಾದ ನೀರು ಹ್ಯಾಂಗ ಕೆಡಕು ಮಾಡ್ತದ?"

"ನೀರು ಕೆಡಕು ಮಾಡಿಲ್ಲ ತಾಯಿ. ಬೇವಿಗಿ ಹಾಕಿದ್ದು ಅದಕ್ಕೂ ಹಾಕಿದಿ. ನಿನಗೇನು ಕೊಡಬೇಕಿತ್ತೋ ಅದು ಕೊಟ್ಟಿ... ಅದಕ್ಕ ಏನು ಬೇಕಿತ್ತು ಅಂತ ಕೇಳಿದ್ಯೇನು?"

ಅವಳು ಕುಂಡದ ಮಣ್ಣನ್ನು ಬೆರಳಿನಿಂದ ಕೆದಕಿದಳು.

"ಗಿಡಕ್ಕ ಬಾಯಿಲ್ಲ," ಅಂದರು ಅಪ್ಪ. "ಆ ಹುಡುಗಗ ಅದ ಅಲ್ಲ? ಹೋಗಿ ಕೇಳು."

ಆಮೇಲೆ ಸ್ವಲ್ಪ ತಡೆದು, ಗಂಟಲು ಸರಿಮಾಡಿಕೊಂಡರು. "ಕಾಫಿ ಅಂಗಡಿ ಅಂದಿ... ಚಾ ಮಾರಲ್ಲೇನು ಅಂವ?"

*

ಮರುದಿನ ಬೆಳಗಿನ ಸುತ್ತು ಮುಗಿದದ್ದೇ ತಡ, ಕುಂಡ ಎತ್ತಿಕೊಂಡು ಹೊರಟಳು. ಸ್ಕೂಟಿಯಲ್ಲಿಟ್ಟರೆ ಹೊರವರ್ತುಲ ರಸ್ತೆಯ ಗಾಳಿಗೆ ಉಳಿದ ಎಲೆಯೂ ಉದುರೀತು. ಮೆಟ್ರೋ ನಿಲ್ದಾಣಕ್ಕೆ ನಡೆದಳು.

ತಪಾಸಣೆಯ ಹೆಂಗಸು ಕುಂಡ ನೋಡಿ ಹುಬ್ಬೇರಿಸಿದಳು. "ಏನಮ್ಮಾ ಇದು? ಎಲ್ಲಿಗೆ?"

"ಆಸ್ಪತ್ರಿಗ್ರಿ," ಅಂದಳು ಜಯದೇವಿ. ನಗಲಿಲ್ಲ.

ಹೆಂಗಸು ಹಳದಿ ಎಲೆಗಳನ್ನು ನೋಡಿದಳು, ಅವಳ ಊದಿದ ಕಣ್ಣುಗಳನ್ನು ನೋಡಿದಳು. "ಹೋಗು ಹೋಗು, ಮಣ್ಣು ಚೆಲ್ಲಬೇಡ."

ಮಡಿಲಲ್ಲಿ ಕುಂಡ. ಕಿಟಕಿಯಾಚೆ ಬೈಯಪ್ಪನಹಳ್ಳಿ, ಇಂದಿರಾನಗರ... ರೈಲು ಓಡುತ್ತಿದೆಯೋ ನಿಂತಿದೆಯೋ! ಏನು ಹೇಳಲಿ? ಎಲ್ಲಿಂದ ಶುರು ಮಾಡಲಿ? 'ನಿಮ್ಮ ಗಿಡ ಕೊಂದೆ' ಅಂತಲೇ? 'ನಾ ಮನ್ಯಾಗs ಇದ್ದೆ' ಅಂತಲೇ? ಕೇಳದೇ ಅಟ್ಟಿಬಿಟ್ಟರೆ? ಹಲಸೂರು ಬಂದಾಗ ಬಾಗಿಲು ತೆರೆಯುವ ಮೊದಲೇ ಎದ್ದು ನಿಂತಿದ್ದಳು.

ಅಂಗಡಿಯಲ್ಲಿ ಯಂತ್ರ ತಿರುಗುತ್ತಿತ್ತು. ಕಟ್ಟೆಗೊರಗಿದ ಹಿರಿಯ ಗಿರಾಕಿಯೊಬ್ಬರು ತಮಿಳು ಬೆರೆಸಿ ಗೊಣಗುತ್ತಿದ್ದರು. "ಎನ್ನ ತಂಬಿ, ಹೋದ್ ಸಲ ಚಿಕೋರಿ ಬೇಡ ಅಂದ್ರೆ ಅರ್ಧಕ್ಕರ್ಧ ಹಾಕ್ಬಿಟ್ಟಿದ್ದೆ. ಎಲ್ಲಪ್ಪಾ ನಿನ್ನ ಮನಸ್ಸು?"

ಲಕ್ಷ್ಮಿಕಾಂತ ತಲೆಯೆತ್ತಿದ. ಬಾಗಿಲಲ್ಲಿ ಅವಳು. ಅವಳ ತೋಳಿನಲ್ಲಿ ಆ ಹಳದಿ ಕಡ್ಡಿ.

ಯಂತ್ರ ನಿಂತಿತು.

"ನಾ ಮನ್ಯಾಗs ಇದ್ದೆರಿ," ಅಂದಳು ಅವಳು, ಉಸಿರು ಬಿಡದೆ. "ಟ್ಯಾಂಕಿನ ಹಿಂದ ಕೂತಿದ್ದೆ. ಸುಳ್ಳು ಹೇಳ್ಸಿದ್ದು ನಾನs. ನೀವು ಬ್ಯಾಡಂತಲ್ಲ... ಇದನ್ನ ನಿಮಗ ಹ್ಯಾಂಗ ತೋರಿಸ್ಲಿ ಅಂತ! ದಿನಾ ಪೂಜಾದ ನೀರು ಹಾಕಿದೆ. ವಿಭೂತಿ ಹಾಕಿದೆ. ಹೂ ಬಿಡ್ಲಿ ಅಂತ ಬೇಡಕೊಂತ ಹಾಕಿದೆ. ಅದs ಇದಕ್ಕ ವಿಷ ಆಗ್ಯಾದ. ನಿಮ್ಮ ಅವ್ವನ ಗಿಡ ನಾನs..."

ಕುಂಡವನ್ನು ಅವನತ್ತ ಚಾಚಿದಳು.

ಅವನು ಕುಂಡವನ್ನು ತೆಗೆದುಕೊಳ್ಳಲಿಲ್ಲ. ಗಿಡವನ್ನು ನೋಡಲೂ ಇಲ್ಲ. ಅವಳನ್ನೇ ನೋಡುತ್ತಿದ್ದ.

"ಇದಕ್ಕಾ? ಇದಕ್ಕೆ ನನ್ನಿಂದ ಬಚ್ಚಿಟ್ಕೊಂಡ್ರಾ?"

"ಹೂಂ..."

"ನಾನು ಏನೇನೋ ಅಂದ್ಕೊಂಡೆ ರೀ. ನಾನು ಕೊಟ್ಟ ಗಿಡ ನಿಮಗೆ ಭಾರ ಆಯ್ತು, ನಾನೂ ಭಾರ ಆದೆ ಅಂತ. ತಪ್ಪು ನಂದು. ಹೇಳ್ಬೇಕಾದ ಮಾತು ನಾನೇ ಹೇಳ್ಬೇಕಿತ್ತು. ಧೈರ್ಯ ಇರ್ಲಿಲ್ಲ. ತಗೊಂಡ್ಹೋಗಿ ಒಂದು ಕಡ್ಡಿ ತಲೆ ಮೇಲೆ ಹೊರಿಸ್ಬಿಟ್ಟೆ. ಪಾಪ... ಅದಕ್ಕೆ ಬೇರು ಬಿಡೋದೇ ಕಷ್ಟ. ಅದ್ರಲ್ಲಿ ನನ್ನ ಕೆಲಸಾನೂ ಅದೇ ಮಾಡ್ಬೇಕಿತ್ತಾ?"

"ತಂಬಿ, ನನ್ನ ಪುಡಿ..." ಎಂದರು ಹಿರಿಯರು.

"ಒಂದ್ ನಿಮಿಷ ಅಣ್ಣಾ!" ಅವನು ಕಟ್ಟೆ ದಾಟಿ ಈಚೆ ಬಂದ. "ಹೂ ಬಿಡೋ ತನಕ ಕಾಯಲ್ಲ ನಾನು. ಎಲೆ ಹಳದಿ ಇರೋವಾಗ್ಲೇ ಹೇಳ್ತೀನಿ. ಆ ಗೋಡೆ ಹತ್ರ ನೀವು ನನ್ನ ಬೆರಳು ಹಿಡಿದ್ರಲ್ಲ, ರಕ್ತ ಅವತ್ತೇ ನಿಂತು ಹೋಯ್ತು. ಬೇರೆ ಏನೋ ಶುರುವಾಯ್ತು, ಅದು ನಿಲ್ತಾನೇ ಇಲ್ಲ. ನೀವು ನಂಗೆ ಬೇಕು ರೀ, ಜಯದೇವಿ. ಮದುವೆ ಆಗ್ತೀರಾ?"

ಬಜಾರ್ ಬೀದಿಯ ಗದ್ದಲವೆಲ್ಲ ಎಲ್ಲಿ ಹೋಯಿತು? ಅವಳಿಗೆ ಕೇಳಿಸಿದ್ದು ತನ್ನ ಎದೆಯ ಬಡಿತ ಮಾತ್ರ, ಅಪ್ಪನ ನಸುಕಿನ ಪಾರಾಯಣದ ಹಾಗೆ... ಒಂದೇ ಲಯ.

"ಇದು ಮೊದಲು ಹಸರಾಗ್ಲಿರಿ... ಆಮ್ಯಾಲ ನಾ..."

"ಅಯ್ಯೋ, ಮತ್ತೆ ಅದರ ತಲೆ ಮೇಲೆ ಹೊರಿಸ್ಬೇಡಿ!"

ಅವಳಿಗೆ ಅಳುವಿನ ನಡುವೆಯೇ ನಗು ಬಂತು. ಬಾಯಿಗೆ ಸೆರಗು ಒತ್ತಿಕೊಂಡು, ಕಣ್ಣೆತ್ತಿ ಅಂದಳು. "ಹೂಂ ರೀ... ನನಗೂ ನೀವು ಬೇಕು. ಮೊದಲನೇ ದಿನಾನs ಮಂತ್ರ ತಪ್ಪಿತ್ತು ನನಗ."

"ನಲ್ಲದಾಚ್ಚು!" ಎಂದು ಹಿರಿಯರು ಕಟ್ಟೆ ಬಡಿದರು. "ಒಳ್ಳೇದಾಯ್ತು ತಂಬಿ. ಇನ್ನಾದ್ರೂ ಚಿಕೋರಿ ಕಡಿಮೆ ಹಾಕು!"

*

ಹಿರಿಯ ಗಿರಾಕಿ ಹೋದ ಮೇಲೆ ಇಬ್ಬರೂ ಅಂಗಡಿಯ ಹಿಂದಿನ ಕಿರಿದಾದ ಹಿತ್ತಿಲಲ್ಲಿ ಕೂತರು. ಗಿಡವನ್ನು ಮೆಲ್ಲಗೆ ಕುಂಡದಿಂದ ಬಿಡಿಸಿ, ಬೂದಿ ಕಚ್ಚಿದ ಮಣ್ಣು ಉದುರಿಸಿ, ಬೇರನ್ನು ಕುಡಿಯುವ ಕ್ಯಾನ್ ನೀರಿನಲ್ಲಿ ತೊಳೆದರು. ಜಯದೇವಿಯ ಬೆರಳುಗಳು ನರ ಹುಡುಕುವ ಹಾಗೆ ಬೇರನ್ನು ತಡವಿದವು. ಕೆಲವು ಕಪ್ಪಾಗಿದ್ದವು. ಕೆಲವು ಇನ್ನೂ ಬಿಳಿ.

"ಬಿಳಿ ಬೇರು ಅಂದ್ರ ಜೀವ ಅದ," ಪಿಸುಗುಟ್ಟಿದಳು.

ಅವನು ಒಳಗಿನಿಂದ ಬೆಳಗಿನ ಡಿಕಾಕ್ಷನ್ ಗಸಿ ತಂದು ಹೊಸ ಕೆಮ್ಮಣ್ಣಿಗೆ ಬೆರೆಸಿದ. ಥಟ್ಟನೆ ಅವನ ಕೈ ನಿಂತಿತು.

"ಅಮ್ಮ ಮಿಕ್ಕಿದ ಹುಳಿ ಮಜ್ಜಿಗೆ ನೀರು ಮಾಡಿ ಇದಕ್ಕೆ ಸುರೀತಿದ್ರು. ದಿನಾ ನೋಡ್ತಿದ್ದೆ... ನಿಮಗೆ ಹೇಳೋದೇ ಮರೆತ್ಬಿಟ್ಟೆ ನಾನು. ಗಿಡ ಕೊಟ್ಟೆ, ಅದಕ್ಕೇನು ಬೇಕು ಅಂತ ಹೇಳ್ಲೇ ಇಲ್ಲ."

"ನಾನೂ ಕೇಳ್ಲಿಲ್ಲಲ್ಲ," ಅಂದಳು ಅವಳು. "ಇನ್ನ ಮ್ಯಾಲ ಕೇಳ್ತೀನಿ. ಪೂಜಾದ ನೀರು ಮತ್ತ ನುಗ್ಗಿ ಮರಕ್ಕs."

"ನುಗ್ಗೆ ಮರ ಏನೂ ಅನ್ನಲ್ವಾ?"

"ಅದು ಹುಸೇನಕ್ಕನ ಹಂಗ. ಏನು ಹಾಕಿದ್ರೂ ಜೀರ್ಣ ಮಾಡ್ಕೊಂತದ."

ಅವನು ನಕ್ಕ. ಹಿತ್ತಿಲ ಗೋಡೆಯ ಮೇಲಿಂದ ಒಂದು ತುಂಡು ಬಿಸಿಲು ಕುಂಡದ ಅಂಚಿಗೆ ಬಿದ್ದಿತ್ತು. ಎಲೆ ಇನ್ನೂ ಹಳದಿಯೇ. ಇಬ್ಬರ ಕೈಗೂ ಮಣ್ಣು, ಕಾಫಿ ಗಸಿ. ಅವನ ಬೆರಳಿನ ಮೇಲೆ ಚಾಕು ತಾಗಿದ ಗುರುತು ತೆಳ್ಳಗೆ ಕಾಣುತ್ತಿತ್ತು. ಅವಳು ಆ ಗೆರೆಯ ಮೇಲೆ ತನ್ನ ಬೆರಳಿಟ್ಟಳು. ಈ ಸಲ ಒತ್ತಿ ಹಿಡಿಯಲಿಲ್ಲ, ಸುಮ್ಮನೆ ಇಟ್ಟಳು.

"ಇದು ಉಳೀತದೇನ್ರಿ?"

"ಗೊತ್ತಿಲ್ಲ. ಮುಂದಿನ ಭಾನುವಾರ ಬಂದು ನೋಡ್ತೀನಿ."

"ಉಳೀಲಿಲ್ಲಂದ್ರ?"

"ಆದ್ರೂ ಬರ್ತೀನಿ."

"ಉಳದ್ರ?"

"ಆಗ ಹುಳಿ ಮಜ್ಜಿಗೆ ತಗೊಂಡು ಬರ್ತೀನಿ. ಟ್ಯಾಂಕಿನ ಹಿಂದೆ ಇರಲ್ಲ ತಾನೆ?"

"ಇರಲ್ಲ," ಅಂದಳು ಜಯದೇವಿ. "ಮೆಟ್ಟಲ ಮ್ಯಾಲ ಕೂತಿರ್ತೀನಿ. ಲಗೂನ ಬರ್ರಿ."